ಮೂವತ್ತೊಂದು ಅಂಕ

ಇಲ್ಲದ ಡಿಗ್ರಿ ಇದೆಯೆಂದು ಸುಳ್ಳು ಹೇಳಿ ಕೆಲಸ ಗಿಟ್ಟಿಸಿಕೊಂಡವರು ಎಲ್ಲಿ ಹುಡುಕಿದರೂ ಹತ್ತು ಜನ ಸಿಗುತ್ತಾರೆ. ಇದ್ದ ಡಿಗ್ರಿಯನ್ನು ಇಲ್ಲವೆಂದು ಸುಳ್ಳು ಹೇಳಿ ಕೆಲಸ ಗಿಟ್ಟಿಸಿಕೊಂಡವಳು ಸುಮ್ಮಕ್ಕ ಒಬ್ಬಳೇ ಇರಬೇಕು.

ಸುಮ್ಮಕ್ಕ ಎನ್ನುವುದು ಅವಳ ಹೆಸರಲ್ಲ, ಲಾಂಡ್ರಿಯ ಹೆಂಗಸರು ಇಟ್ಟದ್ದು. ಸೇರಿದ ಮೊದಲ ತಿಂಗಳು ಏನು ಕೇಳಿದರೂ "ಹೂಂ" ಇಲ್ಲವೇ "ಊಹೂಂ", ಅದರಾಚೆಗೆ ಮೂರನೆಯ ಮಾತಿಲ್ಲ. ಸದಾ ಸುಮ್ಮನಿರುವವಳು ಸುಮ್ಮಕ್ಕನಾದಳು. ಬಾಯಿ ಬಿಟ್ಟರೆ ಎಲ್ಲಿ ಕಾಲೇಜಿನ ಮಾತು ಉದುರಿಬಿಡುತ್ತದೋ ಎಂಬ ಹೆದರಿಕೆಯಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆಂದು ಅವರಿಗೆ ಹೇಗೆ ತಿಳಿಯಬೇಕು!

ಅವಳು ಓದಿದ್ದು ಗಣಿತ. ಸುಮ್ಮನೆ ಓದಿದ್ದಲ್ಲ, ಆರು ವರ್ಷ ಕೂತು, ಇನ್ನೂರ ಹದಿನಾಲ್ಕು ಪುಟದ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವಳು. ಆ ಪ್ರಬಂಧವನ್ನು ಪೂರ್ತಿ ಓದಿದವರು ಈ ಲೋಕದಲ್ಲಿ ಮೂವರು. ಅದರಲ್ಲಿ ಒಬ್ಬರು ತೀರಿಕೊಂಡಿದ್ದರು. ಆಮೇಲೆ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ತಾತ್ಕಾಲಿಕ ಉಪನ್ಯಾಸಕಿ. ಪ್ರತಿ ವರ್ಷ "ಮುಂದಿನ ವರ್ಷ ಕಾಯಂ ಆಗುತ್ತೆ" ಎನ್ನುವರು. ಹನ್ನೆರಡನೆಯ ವರ್ಷ ಗಣಿತಕ್ಕೆ ಮಕ್ಕಳೇ ಸೇರಲಿಲ್ಲ. ವಿಭಾಗ ಮುಚ್ಚಿದರು. ಕಾಯಂ ಆದದ್ದು ಬೀಗ ಒಂದೇ.

ಕೆಲಸಕ್ಕೆ ಅಲೆದಳು. ವಿಮೆ ಕಚೇರಿಯಲ್ಲಿ "ನೀವು ಎರಡೇ ತಿಂಗಳಲ್ಲಿ ಬಿಟ್ಟು ಹೋಗ್ತೀರಿ" ಎಂದರು. ಔಷಧದ ಉಗ್ರಾಣದಲ್ಲಿ ಅರ್ಜಿ ನೋಡಿ ನಕ್ಕರು. ಒಬ್ಬ ಕಾಗದದಂಗಡಿಯ ಯಜಮಾನ ಒಳ್ಳೆಯವನು, ಎದ್ದು ನಿಂತು ಕೈ ಮುಗಿದು, "ಅಮ್ಮಾ, ನಿಮ್ಮಂಥವರನ್ನ ನಾನು 'ಏ ಬಾ ಇಲ್ಲಿ, ಆ ಕಟ್ಟು ಇಳಿಸು' ಅಂತ ಹೇಗೆ ಹೇಳಲಿ?" ಎಂದ. ಮರ್ಯಾದೆ ಸಿಕ್ಕಿತು, ಕೆಲಸ ಸಿಗಲಿಲ್ಲ. ಮರ್ಯಾದೆಯನ್ನು ಬೇಯಿಸಿ ತಿನ್ನಲಾಗುವುದಿಲ್ಲವಷ್ಟೆ.

ಕೊನೆಗೆ ಈ ಲಾಂಡ್ರಿಯ ಗೇಟಿನಲ್ಲಿ "ಹೆಂಗಸರು ಬೇಕಾಗಿದ್ದಾರೆ" ಎಂಬ ಬೋರ್ಡು ಕಂಡು ಒಳಗೆ ಹೋದಳು. ಅರ್ಜಿಯಲ್ಲಿ ವಿದ್ಯಾರ್ಹತೆ ಎಂಬ ಜಾಗ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ "ಒಂಬತ್ತನೇ ತರಗತಿ" ಎಂದು ಬರೆದಳು. ಮ್ಯಾನೇಜರು ಕಣ್ಣಾಡಿಸಿ, "ಹತ್ತು ಯಾಕೆ ಓದಲಿಲ್ಲ?" ಎಂದರು.

"ಮನೇಲಿ ಕಷ್ಟ ಇತ್ತು ಸಾರ್."

"ನಾಳೆಯಿಂದ ಬಾ."

ಅಷ್ಟು ಸಲೀಸಾಗಿ ಅವಳನ್ನು ಯಾರೂ ಯಾವತ್ತೂ ಒಪ್ಪಿಕೊಂಡಿರಲಿಲ್ಲ. ಹೊರಗೆ ಬಂದು ರಸ್ತೆಯ ಬದಿ ನಿಂತು ನಕ್ಕಳೋ ಅತ್ತಳೋ ಅವಳಿಗೇ ನೆನಪಿಲ್ಲ.

ಅವಳಿಗೆ ಇದ್ದದ್ದು ಒಬ್ಬ ಅಣ್ಣ, ದೂರದ ಊರಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಿದ್ದ. "ಕಾಲೇಜು ಹೇಗಿದೆಯೇ?" ಎನ್ನುವನು. "ನಡೀತಿದೆ ಅಣ್ಣ" ಎನ್ನುವಳು. ತನ್ನ ತಂಗಿ ಪ್ರೊಫೆಸರು ಎಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ, ಹೇಳುವಾಗ ಅವನ ಎದೆ ಎರಡು ಅಂಗುಲ ಉಬ್ಬುತ್ತಿತ್ತಂತೆ. ಆ ಎರಡು ಅಂಗುಲವನ್ನು ಇಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಹೀಗೆ ಅಣ್ಣನಿಗೆ ಮೇಲ್ಮುಖದ ಸುಳ್ಳು, ಲಾಂಡ್ರಿಗೆ ಕೆಳಮುಖದ ಸುಳ್ಳು. ಇವೆರಡರ ನಡುವೆ ಇದ್ದ ನಿಜವಾದ ಹೆಂಗಸನ್ನು ಕಂಡವರು ಯಾರೂ ಇರಲಿಲ್ಲ. ಬೀಗ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಆಕೆ ಒಬ್ಬಳೇ ಅಡಿಗೆ ಮಾಡಿ, ಒಬ್ಬಳೇ ಉಂಡು, ಒಂದೇ ತಟ್ಟೆ ತೊಳೆದಿಡುತ್ತಿದ್ದಳು. ಒಂದು ತಟ್ಟೆ ತೊಳೆಯಲು ಎಷ್ಟು ಹೊತ್ತು ಬೇಕು? ಅದು ಮುಗಿದ ಮೇಲೂ ಸಂಜೆ ಉಳಿದಿರುತ್ತಿತ್ತು.

ಹೀಗಿದ್ದವಳಿಗೆ ಗಿರಣಿ ಸಿಕ್ಕಳು.

ಗಿರಣಿಯೂ ಅಡ್ಡಹೆಸರೇ. ಹಿಟ್ಟಿನ ಗಿರಣಿಯಾದರೂ ಕರೆಂಟು ಹೋದರೆ ನಿಲ್ಲುತ್ತದೆ, ಇವಳ ಬಾಯಿ ನಿಲ್ಲದು. ಲಾಂಡ್ರಿಯಲ್ಲಿ ಮೂರು ಆಸ್ಪತ್ರೆಗಳ ಬಟ್ಟೆ ಒಗೆಯುತ್ತಿದ್ದರು. ಆಳೆತ್ತರದ ಯಂತ್ರಗಳಲ್ಲಿ ಒಗೆದು, ಬಿಸಿ ಉರುಳೆಯಲ್ಲಿ ಇಸ್ತ್ರಿಯಾದ ಬೆಡ್‌ಶೀಟುಗಳು ಕೊನೆಗೆ ಮಡಚುವ ಮೇಜಿಗೆ ಬರುತ್ತಿದ್ದವು. ಮಡಚುವುದು ಜೋಡಿಯ ಕೆಲಸ. ಆ ತುದಿಯ ಎರಡು ಮೂಲೆ ಒಬ್ಬಳು, ಈ ತುದಿಯ ಎರಡು ಮೂಲೆ ಇನ್ನೊಬ್ಬಳು ಹಿಡಿದು, ಒಮ್ಮೆ ಝಾಡಿಸಿ, ಅರ್ಧಕ್ಕೆ ಮಡಚಿ, ಒಬ್ಬರತ್ತ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೊಡಬೇಕು. ದಿನಕ್ಕೆ ಆರುನೂರು ಸಲ. ಸುಮ್ಮಕ್ಕನನ್ನು ಗಿರಣಿಯ ಜೋಡಿ ಹಾಕಿದ್ದು ಮ್ಯಾನೇಜರ ಉಪಾಯ. ಒಬ್ಬಳು ಮಾತಾಡುವುದಿಲ್ಲ, ಇನ್ನೊಬ್ಬಳು ಕೇಳುವುದಿಲ್ಲ, ಕೆಲಸ ಸಾಗುತ್ತದೆ ಎಂದುಕೊಂಡಿದ್ದರು.

ಮೊದಲ ದಿನವೇ ಗಿರಣಿ ಮೂಲೆ ಕೊಡುತ್ತಾ, "ನೋಡೇ ಸುಮ್ಮಿ, ದಿನಕ್ಕೆ ಆರ್ನೂರು ಸಲ ನಿನ್ನ ಹತ್ರ ಬರ್ತೀನಿ. ನನ್ನ ಗಂಡನ ಹತ್ರಾನೂ ಇಷ್ಟು ಸಲ ಹೋಗಿಲ್ಲ" ಎಂದಳು. ಸುಮ್ಮಕ್ಕನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ತನ್ನ ನಗು ತನ್ನ ಕಿವಿಗೇ ಕೇಳಿ ಬೆಚ್ಚಿದಳು.

ಗಿರಣಿಯ ಗಂಡ ಲಾರಿಯ ಮೇಲೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ. ಒಬ್ಬಳೇ ಮಗಳು, ಶಾಲೆಗೆ ಹೋಗುವವಳು. ಅತ್ತೆಯ ಪುರಾಣ, ಪಕ್ಕದ ಮನೆಯ ಜಗಳ, ಚಂದ್ರನ ಮೇಲೆ ಮನುಷ್ಯ ಹೋಗಿದ್ದು ಬರೀ ಬುರುಡೆ ಎಂಬ ವಾದ, ಎಲ್ಲವೂ ಬೆಡ್‌ಶೀಟಿನ ಜೊತೆ ಮಡಚಿಕೊಂಡು ಬರುತ್ತಿದ್ದವು. ಸುಮ್ಮಕ್ಕ "ಹೂಂ" ಎನ್ನುವಳು. ಊಟದ ಹೊತ್ತಿಗೆ ಗಿರಣಿ ಹೇಳದೆ ಕೇಳದೆ ಅವಳ ಡಬ್ಬಿಗೆ ಕೈ ಹಾಕಿ, "ಉಪ್ಪು ಯಾರಪ್ಪನ ಮನೇದೇ, ಹೀಗೆ ಸುರಿದಿದೀಯಾ?" ಎಂದು ಬೈಯುತ್ತಲೇ ಅರ್ಧ ಖಾಲಿ ಮಾಡುವಳು. ಬೈಗುಳ ತಿನ್ನುವುದಕ್ಕಾಗಿಯೇ ಸುಮ್ಮಕ್ಕ ಒಂದು ಹಿಡಿ ಹೆಚ್ಚು ಬೇಯಿಸಿ ತರುತ್ತಿದ್ದಳು. ಹೀಗೆ ಒಂಬತ್ತು ವರ್ಷ ಕಳೆಯಿತು. ನಿಜ ಹೇಳಬೇಕೆಂದು ಒಂದೆರಡು ಸಲ ನಾಲಿಗೆ ತುದಿಗೆ ಬಂದಿತ್ತು. ಕಾಗದದಂಗಡಿಯವನ ಮುಗಿದ ಕೈ ನೆನಪಾಗಿ ನುಂಗಿಕೊಂಡಳು.

ಹತ್ತನೆಯ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು, ಗಿರಣಿಯ ಮಂಡಿಗಳು ಕೈಕೊಟ್ಟವು. ಡಾಕ್ಟರು ನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲಬಾರದೆಂದರು. ಮೇಜಿನ ಕೆಲಸವೋ ಹತ್ತು ಗಂಟೆ ನಿಲ್ಲುವುದು. ಎರಡು, ಮಡಚುವ ವಿಭಾಗದ ಇನ್‌ಚಾರ್ಜ್ ಅಮ್ಮ ನಿವೃತ್ತಿಯಾಗುವವರಿದ್ದರು. ಇನ್‌ಚಾರ್ಜ್‌ಗೆ ಕುರ್ಚಿಯುಂಟು, ಕುರ್ಚಿಯಲ್ಲಿ ಕೂತು ಹೇಳಿದರೆ ಸಾಕು. ಹೇಳುವುದರಲ್ಲಿ ಗಿರಣಿಯನ್ನು ಮೀರಿಸುವವರಾರು!

ಆದರೆ ಇನ್‌ಚಾರ್ಜ್ ಆಗಲು ಹತ್ತನೇ ತರಗತಿ ಪಾಸಾಗಿರಬೇಕು. ಮ್ಯಾನೇಜರು ಹೆಂಗಸರನ್ನೆಲ್ಲ ಊಟದ ಹಾಲಿನಲ್ಲಿ ಸೇರಿಸಿ ಹೇಳಿದರು: "ಹತ್ತು ಪಾಸಾಗದವರೆಲ್ಲ ಈ ಸಲ ಖಾಸಗಿಯಾಗಿ ಪರೀಕ್ಷೆಗೆ ಕೂರಲೇಬೇಕು. ಆಸ್ಪತ್ರೆಯವರು ಕೇಳ್ತಿದಾರೆ. ವಾರಕ್ಕೆರಡು ಸಂಜೆ ಮೇಷ್ಟ್ರು ಬರ್ತಾರೆ. ಪಾಸಾದವರಲ್ಲಿ ಯಾರಿಗೆ ಅಂಕ ಜಾಸ್ತಿಯೋ ಅವರೇ ಇನ್‌ಚಾರ್ಜ್."

ಹನ್ನೊಂದು ಹೆಂಗಸರು ಹೆಸರು ಕೊಟ್ಟರು, ಅವರಲ್ಲೊಬ್ಬಳಾಗಿ ಸುಮ್ಮಕ್ಕನೂ ಕೊಡಬೇಕಾಯಿತು. ಗಣಿತದ ಡಾಕ್ಟರೇಟ್, ವಯಸ್ಸು ಐವತ್ತಕ್ಕೆ ಎರಡು ಕಮ್ಮಿ, ಹತ್ತನೇ ತರಗತಿಯ ಪರೀಕ್ಷೆಗೆ ಅಭ್ಯರ್ಥಿ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಅವತ್ತು ಎಲ್ಲರ ಮುಖವನ್ನೂ ನೋಡಿದಳು. ಯಾರಿಗೂ ಏನೂ ಗೊತ್ತಿರಲಿಲ್ಲ.

ಮೇಷ್ಟ್ರು ಪಾಪದವರು, ಹಗಲೆಲ್ಲ ಶಾಲೆಯಲ್ಲಿ ಒದರಿ ಸಂಜೆಗೆ ಸೋತು ಬರುತ್ತಿದ್ದರು. "ಮೈನಸ್ಸಿಗೆ ಮೈನಸ್ಸು ಪ್ಲಸ್ಸು. ಯಾಕೆ ಅಂತ ಕೇಳ್ಬೇಡಿ" ಎಂದುಬಿಡುವರು. ಯಾಕೆಂದು ಬಲ್ಲವಳು ಹಿಂದಿನ ಬೆಂಚಿನಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಗಿರಣಿಗೆ ಒಂದಕ್ಷರ ಹತ್ತಲಿಲ್ಲ. ಆಗ ಸುಮ್ಮಕ್ಕ ಒಂದು ದಾರಿ ಕಂಡುಕೊಂಡಳು. ಹೇಳಿಕೊಡುವಂತಿಲ್ಲ, ಕೇಳಬಹುದಲ್ಲ? ಮರುದಿನ ಮೇಜಿನಲ್ಲಿ ಬೆಡ್‌ಶೀಟು ಹಿಡಿದು ಪೆದ್ದಿಯಂತೆ ಕೇಳಿದಳು: "ಅಲ್ಲ ಕಣೇ, ಇದನ್ನ ಮೂರು ಸಲ ಮಡಚಿದ್ರೆ ಆರು ಪದರ ಆಗುತ್ತೆ ಅಲ್ವಾ?"

"ಆರಾ? ಒಂಬತ್ತು ವರ್ಷದಿಂದ ಏನ್ ಮಡಚ್ತಿದೀಯೇ ಮಹರಾಯ್ತಿ? ಎಂಟು! ಪ್ರತೀ ಸಲ ಎರಡರಷ್ಟಾಗುತ್ತೆ."

"ಹೌದಾ? ಹಾಗಾದ್ರೆ ಆರು ಸಲ ಮಡಚಿದ್ರೆ?"

ಗಿರಣಿ ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕಿದಳು. "ಹದಿನಾರು, ಮೂವತ್ತೆರಡು... ಅರವತ್ನಾಲ್ಕು! ಅಷ್ಟು ಮಡಚಿದ್ರೆ ಅದು ಬೆಡ್‌ಶೀಟಲ್ಲ ಕಣೇ, ದಿಂಬು."

"ಮೇಷ್ಟ್ರು ನಿನ್ನೆ ಬೋರ್ಡ್ ಮೇಲೆ ಬರೆದ ಸಾಲು ಇದೇನಾ?"

ಗಿರಣಿ ಮಡಚುವುದನ್ನು ನಿಲ್ಲಿಸಿ ಬಾಯಿ ತೆರೆದು ನಿಂತಳು. "ಅಯ್ಯೋ ಹೌದಲ್ವೇ! ಇದನ್ನ ಹೇಳೋಕೆ ಆ ಮನುಷ್ಯ ಒಂದು ಗಂಟೆ ಒದ್ದಾಡಿದ್ನಲ್ಲ!"

ಅಂದಿನಿಂದ ಮೂರು ತಿಂಗಳು ಇದೇ ಆಟ. ಸುಮ್ಮಕ್ಕ ತಪ್ಪು ತಪ್ಪಾಗಿ ಕೇಳುವುದು, ಗಿರಣಿ ತಿದ್ದುವುದು. ಗೋಡೆಗೆ ಒರಗಿಸಿದ ಏಣಿ ನೋಡಿಕೊಂಡು ತ್ರಿಕೋನದ ಲೆಕ್ಕ, ಸೋಪಿನ ಪುಡಿ ನೋಡಿಕೊಂಡು ಶೇಕಡಾ ಲೆಕ್ಕ. "ನಿನಗೆ ಹೇಳಿಕೊಟ್ಟೂ ಕೊಟ್ಟೂ ನಾನೇ ಕಲಿತುಬಿಟ್ಟೆ ನೋಡು" ಎಂದು ಗಿರಣಿ ಬೀಗುತ್ತಿದ್ದಳು. ಹನ್ನೊಂದು ವರ್ಷ ಕಾಲೇಜಿನಲ್ಲಿ ಕಲಿಸಿದಾಗ ಸಿಗದ ಸುಖ ಸುಮ್ಮಕ್ಕನಿಗೆ ಆ ಮೂರು ತಿಂಗಳಲ್ಲಿ ಸಿಕ್ಕಿತು. ಒಬ್ಬಳೇ ಶಿಷ್ಯೆ, ತಾನು ಶಿಷ್ಯೆಯೆಂದು ಆಕೆಗೇ ಗೊತ್ತಿಲ್ಲ. ಇದಕ್ಕಿಂತ ನಿರಾಳವಾದ ಪಾಠ ಉಂಟೇ!

ಪರೀಕ್ಷೆಯಲ್ಲಿ ತಾನೇನು ಮಾಡಬೇಕೆಂದು ಅವಳು ಆಗಲೇ ನಿಶ್ಚಯಿಸಿದ್ದಳು. ಫೇಲಾಗಬೇಕು. ತಾನು ಪಾಸಾದರೆ ಕುರ್ಚಿಗೆ ಗಿರಣಿಯ ಎದುರಾಳಿ ತಾನೇ ಆಗುತ್ತೇನೆ. ಉಳಿದ ಒಂಬತ್ತು ಜನರಿಗೆ ಇನ್‌ಚಾರ್ಜ್ ಆಗುವ ಉಸಾಬರಿ ಬೇಕಿರಲಿಲ್ಲ, ಪರೀಕ್ಷೆಗೆ ಕೂತ ಶಾಸ್ತ್ರವಾದರೆ ಸಾಕಿತ್ತು. ಹಾಗೆಂದು ಸೊನ್ನೆ ತೆಗೆದರೆ ಗಿರಣಿಗೆ ಬೇಸರವಾದೀತು, "ಇಷ್ಟು ಹೇಳಿಕೊಟ್ಟರೂ ಹೀಗಾ" ಎಂದು. ಪಾಸಿಗೆ ಮೂವತ್ತೈದು ಬೇಕು. ಮೂವತ್ತೊಂದು ಬಂದರೆ ಮರ್ಯಾದೆಯ ಫೇಲು.

ಗಣಿತದ ದಿನ ಇಬ್ಬರದೂ ಅಕ್ಕಪಕ್ಕದ ಬೆಂಚು, ನಡುವೆ ಒಂದು ಮಾರು ಜಾಗ. ಕಾವಲಿಗಿದ್ದವರು ಕಿಟಕಿಯ ಹತ್ತಿರ ತೂಕಡಿಸುತ್ತಿದ್ದರು. ಸುಮ್ಮಕ್ಕ ಪ್ರಶ್ನೆಪತ್ರಿಕೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಯಾವುದು ಸರಿಯಾಗಬೇಕು ಯಾವುದು ತಪ್ಪಾಗಬೇಕೆಂದು ಅಂಕ ಕೂಡಿಟ್ಟುಕೊಂಡಳು. ತಪ್ಪಾದರೂ ಎಂಥ ತಪ್ಪು! ಹನ್ನೊಂದು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಮಕ್ಕಳು ಎಲ್ಲಿ ಜಾರುತ್ತಾರೆಂದು ಅಂಗೈ ಗೆರೆಯಷ್ಟು ಪರಿಚಯ. ಸಮೀಕರಣದ ಉತ್ತರ ಎರಡು, ಮೂರು ಎಂದು ಬರಬೇಕಾದ ಕಡೆ ಮೈನಸ್ ಎರಡು, ಮೈನಸ್ ಮೂರು ಬರೆದಳು. ಹದಿಮೂರು ಮೀಟರಿನ ಏಣಿ, ಗೋಡೆಯಿಂದ ಐದು ಮೀಟರ್ ದೂರ, ಎತ್ತರ ಹನ್ನೆರಡು ಬರಬೇಕು, ಕಳೆದು ಎಂಟು ಬರೆದಳು. ಎರಡು, ನಾಲ್ಕು, ಎಂಟು ಎಂದು ಸಾಗುವ ಸಾಲಿನ ಆರನೆಯ ಪದಕ್ಕೆ ಹನ್ನೆರಡು ಎಂದಳು. ಎಲ್ಲೂ ಕೈ ತಡೆಯಲಿಲ್ಲ. ಮುತ್ತು ಪೋಣಿಸಿದಂಥ ಅಕ್ಷರ, ಸಾಲುಸಾಲಾಗಿ ತಪ್ಪು. ಮುಗಿಸಿದಾಗ ಒಳ್ಳೆಯ ಕೆಲಸ ಮಾಡಿದ ತೃಪ್ತಿಯೂ ಆಯಿತು. ಪಕ್ಕಕ್ಕೆ ತಿರುಗಿ ನೋಡಲಿಲ್ಲ, ಅದೇ ಅವಳು ಮಾಡಿದ ನಿಜವಾದ ತಪ್ಪು.

ಫಲಿತಾಂಶದ ದಿನ ಮ್ಯಾನೇಜರು ಊಟದ ಹಾಲಿನಲ್ಲಿ ಪಟ್ಟಿ ಓದಿದರು. ಸುಮ್ಮಕ್ಕನಿಗೆ ಬೇರೆಲ್ಲದರಲ್ಲೂ ಪಾಸು, ಗಣಿತದಲ್ಲಿ ಮೂವತ್ತೊಂದು. ಅಂದುಕೊಂಡಷ್ಟೇ, ಅರ್ಧ ಅಂಕವೂ ಆಚೀಚೆಯಿಲ್ಲ! ಒಂದು ಕ್ಷಣ ಒಳಗೊಳಗೇ ಜಂಬಪಟ್ಟಳು. ಮರುಕ್ಷಣ ಮ್ಯಾನೇಜರು ಗಿರಣಿಯ ಹೆಸರು ಓದಿದರು. ಬೇರೆಲ್ಲದರಲ್ಲೂ ಪಾಸು, ಗಣಿತದಲ್ಲಿ ಮೂವತ್ತೊಂದು.

ಹೆಂಗಸರು ಹೋ ಎಂದು ನಕ್ಕರು. ಸುಮ್ಮಕ್ಕ ನಗಲಿಲ್ಲ. ಹೀಗೆ ತಾನಾಗಿ ಆಗುವ ಸಂಭವ ಎಷ್ಟೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಹಾಲಿನಲ್ಲಿ ಇರಲಿಲ್ಲ.

ಗಿರಣಿ ಒಗೆಯುವ ಯಂತ್ರದ ಹಿಂದೆ ಅವಳನ್ನು ಎಳೆದುಕೊಂಡು ಹೋಗಿ ಮೊದಲು ನಕ್ಕಳು. "ಇಬ್ಬರ ತಲೇಲೂ ಒಂದೇ ಗಾಡಿ ಜೇಡಿಮಣ್ಣು ಕಣೇ ಸುಮ್ಮಿ! ನಾನು ಬೇರೇನೇ ಬರೆದಿದ್ದೆ. ಅರವತ್ನಾಲ್ಕು ಅಂತಾನೇ ಬರೆದಿದ್ದೆ. ಆಮೇಲೆ ಭಯ ಆಯ್ತು, ನಿನ್ನ ಕಡೆ ನೋಡಿದೆ. ನಿನ್ನ ಕೈ ನಿಲ್ಲದೆ ಓಡ್ತಿತ್ತು. ನಾನು ಹೇಳಿಕೊಟ್ಟಿದ್ದನ್ನ ಇವಳು ನನಗಿಂತ ಚೆನ್ನಾಗಿ ಕಲಿತಿದಾಳೆ ಅಂದ್ಕೊಂಡು ನಂದನ್ನೆಲ್ಲ ಹೊಡೆದುಹಾಕಿ ನಿಂದನ್ನೇ ಬರ್ಕೊಂಡೆ." ನಗು ಅಲ್ಲಿಗೆ ಮುಗಿಯಿತು. ಬಗ್ಗಿ ಎರಡು ಮಂಡಿಗಳನ್ನೂ ಒತ್ತಿಕೊಂಡು, "ಇನ್ನು ಈ ಕಾಲು ಸತ್ರೂ ನಿಂತೇ ಸಾಯ್ಬೇಕು ಬಿಡು" ಎಂದು ಅತ್ತಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇಲ್ಲಿ ದೈವವನ್ನು ದೂರುವುದು ಅನ್ಯಾಯ. ಎಲ್ಲ ಸುಮ್ಮಕ್ಕನದೇ ಕೈಬರಹ.

ಉಳಿದವರಲ್ಲೂ ಪಾಸಾದವರು ಯಾರೂ ಇರಲಿಲ್ಲ. ಆರು ವಾರಕ್ಕೆ ಮರುಪರೀಕ್ಷೆಯಿತ್ತು. ಅಲ್ಲಿಯವರೆಗೆ ಕಾಯುತ್ತೇನೆ, ಆಮೇಲೆ ಹೊರಗಿನಿಂದ ಯಾರನ್ನಾದರೂ ತರುತ್ತೇನೆ ಎಂದರು ಮ್ಯಾನೇಜರು. ಗಿರಣಿ ಮಾತ್ರ ಬರೆಯುವುದಿಲ್ಲವೆಂದು ಹಟ ಹಿಡಿದಳು.

"ಬರಿಯೇ. ಅರವತ್ನಾಲ್ಕು ಸರಿ ಅನ್ಸುತ್ತೆ ನಂಗೆ" ಎಂದಳು ಸುಮ್ಮಕ್ಕ.

"ನಿಂಗೆ ಹೇಗೆ ಗೊತ್ತು? ನಿಂಗೂ ಮೂವತ್ತೊಂದೇ ಅಲ್ವಾ? ಯಾವುದು ಸರಿ ಯಾವುದು ತಪ್ಪು ಅಂತಾನೇ ತಿಳೀತಿಲ್ಲ ನಂಗೀಗ. ಮಂಡಿ ಜೊತೆ ತಲೇನೂ ಹೋಯ್ತು ಅಂದ್ಕೋ."

ಐದು ದಿನ ಸುಮ್ಮಕ್ಕನ ಬಾಯಲ್ಲಿ ಬಿಸಿತುಪ್ಪ. ಮೇಜಿನಲ್ಲಿ ಗಿರಣಿ ಒಂದು ಕಾಲಿನ ಮೇಲೆ ಭಾರ ಹಾಕಿ, ಆಮೇಲೆ ಇನ್ನೊಂದಕ್ಕೆ ಬದಲಿಸಿ, ಮೂಲೆ ಕೊಡಲು ಬರುವಾಗ ಹಲ್ಲು ಕಚ್ಚುತ್ತಿದ್ದಳು. ಹಲ್ಲು ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಹೇಳಿದರೆ ಇವಳನ್ನು ಕಳೆದುಕೊಳ್ಳುತ್ತೇನೆ ಎಂದು ಸುಮ್ಮಕ್ಕನಿಗೆ ಗೊತ್ತಿತ್ತು. ಹೇಳದಿದ್ದರೆ ಇವಳು ತನ್ನ ಕಾಲು ಕಳೆದುಕೊಳ್ಳುತ್ತಾಳೆ. ಎಷ್ಟು ಸಲ ತೂಗಿದರೂ ಇದು ಎರಡು ಸಾಲಿನ ಲೆಕ್ಕ, ಉತ್ತರ ಬದಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ಗಿರಣಿಯ ಮನೆಗೆ ಹೋದಳು. ಗಿರಣಿ ಸ್ಟೂಲಿನ ಮೇಲೆ ಕಾಲು ಚಾಚಿ, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಸುಮ್ಮಕ್ಕ ಚೀಲದಿಂದ ದಪ್ಪ ಕಾಗದ ತೆಗೆದು ಅವಳ ತೊಡೆಯ ಮೇಲಿಟ್ಟಳು.

"ಇದ್ಯಾರದ್ದೇ?"

"ನಂದು. ಗಣಿತದಲ್ಲಿ ಡಾಕ್ಟರೇಟ್."

"ಗಣಿತಕ್ಕೂ ಡಾಕ್ಟ್ರಾ? ಯಾವ ಕಾಯಿಲೆಗೇ?" ಗಿರಣಿ ಕಾಗದ ಎತ್ತಿ ಹಿಡಿದು ನಗತೊಡಗಿದಳು. "ಎಲ್ಲಿ ಕದ್ದೆ ಹೇಳು, ಪೊಲೀಸರಿಗೆ ಹೇಳಲ್ಲ."

ಸುಮ್ಮಕ್ಕ ಹೇಳಿದಳು. ಕಾಲೇಜು, ಬೀಗ, ಅರ್ಜಿ, ಒಂಬತ್ತನೇ ತರಗತಿ, ಮೂವತ್ತೊಂದು. "ನೀನು ಮೊದಲು ಬರೆದಿದ್ದೆಲ್ಲ ಸರಿ ಇತ್ತು ಕಣೇ. ತಪ್ಪು ನಂದು. ಬೇಕು ಅಂತಲೇ ಬರೆದ ತಪ್ಪು. ನಿನಗೆ ಕುರ್ಚಿ ಸಿಗಲಿ ಅಂತ." ಒಂಬತ್ತು ವರ್ಷದಲ್ಲಿ ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಗಿರಣಿಯ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಅವಳು ಬೈಯುತ್ತಾಳೆ, ಎರಡು ಬಾರಿಸುತ್ತಾಳೆ ಎಂದೇ ಸುಮ್ಮಕ್ಕ ಕಾದಳು. ಬೈಗುಳಕ್ಕೆ ಹಸಿದು ಕಾದಳೆಂದರೂ ಸರಿಯೇ. ಗಿರಣಿ ಬೈಯಲಿಲ್ಲ. ಬಿಸಿನೀರಿನ ಚೀಲ ಪಕ್ಕಕ್ಕಿಟ್ಟಳು, ಚಾಚಿದ ಕಾಲನ್ನು ಕೈಯಿಂದ ಎತ್ತಿ ಕೆಳಗಿಟ್ಟಳು, ಗೋಡೆ ಹಿಡಿದುಕೊಂಡು ಎದ್ದು ನಿಂತಳು. ಕೂತಿದ್ದ ಕುರ್ಚಿಯನ್ನೇ ಕೈಯಲ್ಲಿ ಒರೆಸಿ ಮುಂದೆ ತಳ್ಳಿದಳು.

"ಕೂತ್ಕೊಳ್ಳಿ" ಎಂದಳು.

"ಏನೇ ಇದು, ನೀನು ಕೂತ್ಕೋ, ಕಾಲು ನೋವು..."

"ಇಲ್ಲ, ನೀವು ಕೂತ್ಕೊಳ್ಳಿ ಮೇಡಂ."

ಆರು ವಾರ ಪಾಠ ನಡೆಯಿತು, ಈ ಸಲ ಬಹಿರಂಗವಾಗಿ. ಗಿರಣಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಹೇಳಿದ್ದಕ್ಕೆಲ್ಲ "ಹೂಂ ಮೇಡಂ" ಎನ್ನುವಳು. ದಿಂಬಿನ ತಮಾಷೆಯಿಲ್ಲ, ಮೇಷ್ಟ್ರ ಮೇಲೆ ದೂರಿಲ್ಲ. ಮೇಜಿನಲ್ಲಿ ಮೂಲೆ ಕೊಡುವಾಗ ಬೆರಳು ತಗಲದಂತೆ ಜಾಗ್ರತೆ ವಹಿಸುತ್ತಿದ್ದಳು. ಡಬ್ಬಿಗೆ ಕೈ ಹಾಕುವುದಂತೂ ಅಲ್ಲಿಗೇ ನಿಂತಿತು. ಗುಟ್ಟನ್ನು ಯಾರಿಗೂ ಹೇಳಲಿಲ್ಲ, ಆ ಮಟ್ಟಿಗೆ ಗಿರಣಿ ಹೊಟ್ಟೆಯಲ್ಲಿಟ್ಟುಕೊಂಡಳು. ಬೇರೆ ಹೆಂಗಸರು "ಏನೇ, ನಿಮ್ಮಿಬ್ಬರಿಗೂ ಜಗಳವಾ?" ಎಂದು ಕೇಳಿದರು. ಜಗಳವಾಗಿದ್ದರೆ ಎರಡು ದಿನಕ್ಕೆ ಸರಿಹೋಗುತ್ತಿತ್ತು. ಪರೀಕ್ಷೆಯ ಭಯ ಕಳೆದರೆ ಇವಳು ಮೊದಲಿನಂತಾಗುತ್ತಾಳೆ ಎಂದು ಸುಮ್ಮಕ್ಕ ತನಗೆ ತಾನೇ ಹೇಳಿಕೊಂಡಳು.

ಗಿರಣಿಗೆ ಗಣಿತದಲ್ಲಿ ಎಪ್ಪತ್ತೆರಡು ಬಂತು. ಸುಮ್ಮಕ್ಕ ಮರುಪರೀಕ್ಷೆಗೆ ಹೋಗಲೇ ಇಲ್ಲ, ಜ್ವರವೆಂದು ರಜೆ ಹಾಕಿದಳು. ಇನ್‌ಚಾರ್ಜ್ ಅಮ್ಮ ನಿವೃತ್ತಿಯಾದರು, ಗಿರಣಿ ಕುರ್ಚಿಯಲ್ಲಿ ಕೂತಳು. ಮೂರನೆಯ ದಿನ ಹೊಸ ಇನ್‌ಚಾರ್ಜ್‌ನ ಮೊದಲ ಆಜ್ಞೆ ಹೊರಬಿತ್ತು: ಸುಮ್ಮಕ್ಕ ಇನ್ನು ಮೇಲೆ ಮೇಜಿನಲ್ಲಿ ನಿಲ್ಲಬೇಕಾಗಿಲ್ಲ, ಚೀಟಿ ಕೋಣೆಗೆ ಹೋಗಲಿ.

ಚೀಟಿ ಕೋಣೆಯೆಂದರೆ ಹಾಲಿನ ಮೂಲೆಯಲ್ಲಿ ಗಾಜು ಹಾಕಿದ ಗೂಡು. ಒಂದು ಮೇಜು, ಒಂದು ಕುರ್ಚಿ, ಒಂದು ಫ್ಯಾನು. ಯಾವ ಗಂಟು ಯಾವ ಆಸ್ಪತ್ರೆಯ ಯಾವ ವಾರ್ಡಿಗೆ ಎಂದು ಚೀಟಿ ಬರೆಯುವ ಕೆಲಸ. ಲಾಂಡ್ರಿಯಲ್ಲಿ ಓದುಬರಹ ಬೇಕಾದ ಕೆಲಸ ಅದೊಂದೇ, ಇಡೀ ಶಿಫ್ಟಿಗೆ ಒಬ್ಬರೇ. ಹೆಂಗಸರು ಹೊಟ್ಟೆಕಿಚ್ಚುಪಟ್ಟರು. "ಅದೃಷ್ಟ ಅಂದ್ರೆ ನಿಂದು ಸುಮ್ಮಕ್ಕ, ಫೇಲಾದ್ರೂ ಫ್ಯಾನು!" ಎಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ಅವಳ ಓದಿಗೆ ತಕ್ಕ ಜಾಗ ಹುಡುಕಿ ಕೊಟ್ಟಿದ್ದರು. ಗಾಜಿನ ಆಚೆ ಹೆಂಗಸರ ಬಾಯಿ ಆಡುವುದು ಕಾಣುತ್ತಿತ್ತು, ಏನು ಹೇಳಿ ನಗುತ್ತಿದ್ದಾರೆಂದು ಕೇಳಿಸುತ್ತಿರಲಿಲ್ಲ.

ಒಂದು ವಾರ ತಡೆದುಕೊಂಡು, ಊಟದ ಹೊತ್ತಿನಲ್ಲಿ ಇನ್‌ಚಾರ್ಜ್‌ನ ಕುರ್ಚಿಯ ಹತ್ತಿರ ಹೋದಳು. ಗಿರಣಿ ಎದ್ದು ನಿಂತಳು.

"ಕೂತ್ಕೋ ಮಹರಾಯ್ತಿ, ಕೂರೋದಕ್ಕೆ ತಾನೇ ಇಷ್ಟೆಲ್ಲ ಮಾಡಿದ್ದು" ಎಂದಳು ಸುಮ್ಮಕ್ಕ. ಗಿರಣಿ ಕೂರಲಿಲ್ಲ. "ನನ್ನನ್ನ ಮೇಜಿಗೇ ಕಳಿಸು. ಯಾರ ಜೋಡಿಯಾದ್ರೂ ಹಾಕು, ಪರವಾಗಿಲ್ಲ."

"ಬೇರೆ ಏನಾದ್ರೂ ಕೇಳಿ, ಮಾಡ್ತೀನಿ. ಇದೊಂದು ಕೇಳ್ಬೇಡಿ. ಅಷ್ಟು ಓದಿದವರ ಕೈಲಿ ರೋಗಿಗಳ ಬೆಡ್‌ಶೀಟ್ ಮಡಚಿಸಿದ ಪಾಪ ನನಗೆ ಬೇಡ. ಗೊತ್ತಿಲ್ದೆ ಒಂಬತ್ತು ವರ್ಷ ಮಾಡಿಸಿದ್ದೇ ಸಾಕು."

"ನಾನು ಅದೇ ಸುಮ್ಮಿ ಕಣೇ."

ಗಿರಣಿ ನೆಲ ನೋಡುತ್ತಾ ಹೇಳಿದಳು: "ಒಂಬತ್ತು ವರ್ಷ ನಿಮ್ಮ ಎದುರು ಬಾಯಿಗೆ ಬಂದಿದ್ದು ಒದರಿದೀನಿ. ಚಂದ್ರನ ಮೇಲೆ ಯಾರೂ ಹೋಗಿಲ್ಲ ಅಂತ ವಾದ ಮಾಡಿದೀನಿ. ನೀವು ಹೂಂ ಅಂತಿದ್ರಿ. ಈಗ ನೆನೆಸ್ಕೊಂಡ್ರೆ ನಾಚಿಕೆಗೆ ಮೈಯೆಲ್ಲ ಸುಡುತ್ತೆ. ಒಳಗೊಳಗೇ ಎಷ್ಟು ನಕ್ಕಿದ್ರೋ ಏನೋ."

"ನಕ್ಕಿದೀನಿ. ನೀನು ನಗಿಸಿದಾಗ ನಕ್ಕಿದೀನಿ. ನನ್ನನ್ನ ಬೇರೆ ಯಾರೂ ನಗಿಸ್ತಿರ್ಲಿಲ್ಲ."

ಗಿರಣಿಯ ಕಣ್ಣು ತುಂಬಿತು. ಏನೋ ಹೇಳಲು ಬಾಯಿ ತೆರೆದಳು, ತೆರೆದದ್ದನ್ನು ಮುಚ್ಚಿದಳು. ಸುಮ್ಮಕ್ಕ ಕಾದಳು. ಊಟ ಮುಗಿದ ಗಂಟೆಯೂ ಹೊಡೆಯಿತು.

"ಬರ್ತಿಲ್ಲ ಮೇಡಂ" ಎಂದಳು ಗಿರಣಿ ಕೊನೆಗೆ. "ನಾನೂ ಪ್ರಯತ್ನ ಮಾಡ್ದೆ. ನಿಮ್ಮ ಮುಖ ನೋಡಿದ್ರೆ ನನಗೆ ಮಾತೇ ಬರಲ್ಲ."

ಸುಮ್ಮಕ್ಕ ಅವಳ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ತನ್ನ ಗಾಜಿನ ಕೋಣೆಗೆ ಬಂದು ಬಾಗಿಲು ಎಳೆದುಕೊಂಡಳು. ಆ ದಿನ ಸಂಜೆಯೊಳಗೆ ಮುನ್ನೂರ ಹನ್ನೆರಡು ಚೀಟಿ ಬರೆದಳು. ಒಂದೂ ತಪ್ಪಿರಲಿಲ್ಲ.